ತ್ಯಾಂಪಣ್ಣನ ಹೆಬ್ಬೆರಳು ಕೋವಿಗೆ ಸಿಕ್ಕಿದ್ದು

ಕಡಬದ ತ್ಯಾಂಪಣ್ಣ ಅಂದ್ರೆ ಹಳೆ ಜೋಡಿ ನಳಿಗೆ ಕೋವಿಗಳ ಡಾಕ್ಟ್ರು. ಖಾಲಿ ಕೋವಿಯನ್ನು ಕಿವಿಗೆ ಹಿಡಿದು, ಟಿಕ್ ಅಂದದ್ದು ಕೇಳಿಯೇ ಒಳಗೆ ಎಂತ ಮುರಿದದ್ದು ಅಂತ ಹೇಳ್ತಾನೆ. ಒಮ್ಮೆ ಎಷ್ಟೋ ಮೈಲಿ ದೂರದ ಸಂಪಾಜೆಯಲ್ಲಿ ಒಂದು ಕೋವಿ ಕೆಮ್ಮಿದ್ದು ಇವನಿಗೆ ಕಡಬದಲ್ಲಿ ಕೇಳಿತಂತೆ. ನಾನಂತೂ ನಂಬ್ತೇನೆ, ಊರಿಗೆಲ್ಲ ಹೇಳಿದ್ದು ನಾನೇ ಅಲ್ವಾ.

ಮೊನ್ನೆ ಎಲೆಕ್ಷನಿಗೆ ಕೋವಿ ಇದ್ದವರೆಲ್ಲ ಠಾಣೆಯಲ್ಲಿ ಇಡಬೇಕು ಅಂತ ಆರ್ಡರ್ ಬಂತು. ನಾನು ಕೋವಿ ಹೊರಗೆ ತೆಗೆದದ್ದೇ ಕಡೇ ದಿನ, ಸಂಜೆ ಐದರ ಒಳಗೆ ಮುಟ್ಟಿಸಬೇಕು. ಇಲ್ಲದಿದ್ರೆ ಲೈಸನ್ಸ್ ಹೋಗ್ತದೆ. ನನ್ನ ಅಪ್ಪನ ಕಾಲದ ಕೋವಿಯಲ್ಲಿ ಮಂಗನನ್ನು ಹೆದರಿಸ್ಲಿಕ್ಕೆ ಹಾಕಿದ ತೋಟೆ, ಅಂದ್ರೆ ಮದ್ದುಗುಂಡು, ಹಾಗೇ ಉಂಟು; ಅದನ್ನು ತೆಗೀಲಿಕ್ಕೆ ಕೋವಿಯನ್ನು ನಡುವೆ ಮಡಚಬೇಕು, ಮಡಚುದೇ ಇಲ್ಲ. ಈಡು ತುಂಬಿದ ಕೋವಿ ಠಾಣೆಗೆ ಕೊಂಡೋಗುದು ಹೇಗೆ ಅಂತ ತ್ಯಾಂಪಣ್ಣನಿಗೆ ಫೋನ್ ಮಾಡಿದೆ. ಎರಡು ಗಂಟೆಗೆ ಅವ ಚೀಲ ಹಿಡ್ಕೊಂಡು ಜೀಪಿನಿಂದ ಇಳಿದ.

ಜಗಲಿಯಲ್ಲಿ ಕೂತು, ಕೋವಿಯ ಮೂತಿಯನ್ನು ಅಂಗಳದ ಮರಳಿನ ಕಡೆ ಮಾಡಿದ. ತೋಟೆಗೆ ಬಡಿಯುವ ಕುದುರೆ ಎಳೆದ ಹಾಗೇ ನಿಂತಿತ್ತು. ಜಾಗ್ರತೆಗೆ ಅಂತ ಅದರಡಿಗೆ ಹೆಬ್ಬೆರಳು ತೂರಿಸಿದ್ದೇ ತಡ, ಟಪ್! ಕುದುರೆ ಬಿತ್ತು, ಬೆರಳಿನ ಮೇಲೆ.

"ಅಲುಗಾಡ್ಬೇಡಿ ಕುಕ್ಕಪ್ಪಣ್ಣ!" ಅಂದ ನನಗೆ. " ಬೆರಳು ತೆಗೆದ್ರೆ ಈಡು ಹಾರ್ತದೆ."

"ಕುದುರೆ ಮೇಲೆ ಎತ್ತು."

"ಬರುದಿಲ್ಲ. ಒಳಗೆ ಕುದುರೆಯನ್ನು ಹಿಡಿದಿಡುವ ಕೊಕ್ಕೆಯ ತುದಿ ಮುರಿದು ಸಂದಿಗೆ ಸಿಕ್ಕಿದೆ. ಕೆಳಗೆ ಹೋಗ್ಲಿಕ್ಕೆ ಮಾತ್ರ ರೆಡಿ."

"ಹಾಗಾದ್ರೆ ಮರಳಿಗೆ ಹಾರ್ಲಿ ಮಾರಾಯ."

"ನಳಿಗೆಯ ಬುಡ ತುಕ್ಕು ತಿಂದಿದೆ ಮಾರಾಯ್ರೆ. ಒಡೆದ್ರೆ ನನ್ನ ಮೋರೆಗೆ." ಸ್ವಲ್ಪ ಮೂಸಿ ನೋಡಿದ. "ಎಂತ ಎಣ್ಣೆ ಹಾಕಿದ್ದು?"

"ತೆಂಗಿನೆಣ್ಣೆ. ಮನೆಯದ್ದೇ."

"ಕೋವಿಗೆ ಎಂತ ತಲೆಸ್ನಾನವಾ? ಒಳಗೆಲ್ಲ ಅಂಟಾಗಿ ಕೂತಿದೆ! ಮತ್ತೆ ಕೊಕ್ಕೆ ನಿಲ್ಲುದು ಹೇಗೆ?"

ಮೂರೂವರೆ ಆಯ್ತು. ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಅವನಿಗೆ ಏಳ್ಲಿಕ್ಕಿಲ್ಲ, ನನಗೆ ಬಿಟ್ಟು ಹೋಗ್ಲಿಕ್ಕಿಲ್ಲ. ನನ್ನ ಹೆಂಡತಿ ಕುಮುದಿನಿ ಅವನಿಗೆ ಮಜ್ಜಿಗೆ ಕುಡಿಸಿದ್ಳು. "ಐವತ್ತು ವರ್ಷದಿಂದ ನಾನೂ ಈ ಮನೆಯಲ್ಲಿ ಸಿಕ್ಕಿಬಿದ್ದಿದ್ದೇನೆ, ಒಬ್ಬರಾದ್ರೂ ಮಜ್ಜಿಗೆ ಕುಡಿಸಿದ್ದುಂಟಾ?" ಅಂದ್ಳು.

ಕಡೆಗೆ ತ್ಯಾಂಪಣ್ಣ ಹೇಳಿದ, "ಕೋವಿಯ ಪಕ್ಕದ ತಗಡಿನ ಸ್ಕ್ರೂ ನೀವೇ ಬಿಚ್ಚಿ. ಕುದುರೆ ಆ ತಗಡಿನಲ್ಲೇ ಕೂತದ್ದು, ಒಟ್ಟಿಗೇ ಬರ್ತದೆ."

ಹುಲಿಯ ಹಲ್ಲು ಎಣಿಸಿದವ ಅಂತ ಹೇಳಿಕೊಳ್ಳುವ ನಾನು ಅವನ ಚೀಲದ ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದೆ, ಅವ ಹೇಳ್ತಾ ಹೋದ. ಕಾಲು ಸುತ್ತು, ನಿಲ್ಲಿ. ಕಾಲು ಸುತ್ತು, ನಿಲ್ಲಿ. ನಾಲ್ಕಕ್ಕೆ ತಗಡು ಕುದುರೆ ಸಮೇತ ನನ್ನ ಮಡಿಲಿಗೆ ಬಿತ್ತು. ಬೆರಳು ಬಿಡುಗಡೆ. ಆಮೇಲೆ ಅವ ಸೀಮೆಎಣ್ಣೆ ಬಿಟ್ಟು, ಕೋವಿ ಮಡಚಿ, ತೋಟೆ ತೆಗೆದ.

"ಇನ್ನು ಈ ಕೆಲಸವೇ ಬೇಡ," ಅಂದ ಜೀಪಿನಲ್ಲಿ, ಬೆರಳಿಗೆ ಊದುತ್ತಾ.

ಐದಕ್ಕೆ ಹತ್ತು ನಿಮಿಷ ಇರುವಾಗ ಠಾಣೆ ಮುಟ್ಟಿದೆವು. ನನ್ನ ಕೋವಿಯನ್ನು ಎರಡು ತುಂಡಾಗಿ ತಗೊಂಡ್ರು, ರಶೀದಿ ಕೊಟ್ರು. ಹಿಂದೆ ತಿರುಗಿದ್ರೆ, ಮಡಚದ ಕೋವಿ ಹಿಡಿದ ನಾಲ್ಕು ಮಂದಿ ತ್ಯಾಂಪಣ್ಣನನ್ನು ಗೋಡೆಗೆ ಒತ್ತಿ ನಿಂತಿದ್ದಾರೆ. ತಪ್ಪಿಸ್ಲಿಕ್ಕೆ ಎಡೆ ಇಲ್ಲ. ಅವ ಊದಿದ ಬೆರಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎಡಗೈ ಚಾಚಿದ.

"ಮೊದಲು ಹೇಳಿ, ತೋಟೆ ಉಂಟಾ?"