ಅವನ ತಟ್ಟೆಯ ಕೊಬ್ಬರಿ ಚೂರು

ನಾನು ಓದು ಬಿಟ್ಟದ್ದು ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ, ಎಂಟನೇ ಕ್ಲಾಸಿನ ಅರ್ಧಕ್ಕೆ. ದಡ್ಡನಾಗಿ ಬಿಟ್ಟವನಲ್ಲ. ಲೆಕ್ಕದಲ್ಲಿ ನನ್ನ ದೊಡ್ಡಪ್ಪನ ಮಗನಿಗಿಂತ ನಾನೇ ಮುಂದಿದ್ದೆ. ಅವನು ನನಗಿಂತ ಎರಡು ತಿಂಗಳು ದೊಡ್ಡವನು. ಅರಳಗುಪ್ಪೆಯ ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ ಮಲಗಿ ಬೆಳೆದವರು ನಾವು. ಆ ವರ್ಷ ನಮ್ಮಪ್ಪನ ಸೊಂಟ ಹಿಡಿದುಕೊಂಡಿತು. ತೋಟಕ್ಕೆ ಒಬ್ಬ ಬೇಕಾಯಿತು. ತಾತ ಜಗಲಿಯ ಮೇಲೆ ಕೂತು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು, ದನ ಕೊಳ್ಳುವವರ ಹಾಗೆ ಮೇಲಿಂದ ಕೆಳಗೆ ನೋಡಿದರು.

"ಇವ್ನ ರಟ್ಟೆ ಗಟ್ಟಿ ಐತೆ, ಇವ್ನು ತೋಟಕ್ಕಿರ್ಲಿ. ಅವ್ನು ಓದ್ಕಳ್ಲಿ ಬುಡು."

ರಟ್ಟೆ ಗಟ್ಟಿಯಾಗಿದ್ದದ್ದೇ ನನ್ನ ತಪ್ಪು.

ಕೆಲಸಕ್ಕೆ ನಾನು ಹೆದರಲಿಲ್ಲ. ನಮ್ಮ ಕಡೆ ತೆಂಗಿನಕಾಯಿಯನ್ನು ಸುಲಿಯದೆ ಮಟ್ಟೆಯ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಕಾಯಿ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಆ ಸದ್ದು ಕೇಳಿಯೇ ಒಳಗಿನ ಉಂಡೆ ಗಟ್ಟಿಯೋ ಕೊಳೆತದ್ದೋ ಹೇಳುವಷ್ಟು ಪಳಗಿದೆ. ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ನಮ್ಮೂರಿನ ದೊಡ್ಡವರೂ ಅನುಮಾನ ಬಂದ ಕಾಯಿಯನ್ನು ನನ್ನ ಕಿವಿಯ ಹತ್ತಿರ ತರುತ್ತಿದ್ದರು.

ಅವನು ತಿಪಟೂರಿನಲ್ಲಿ ಬಿ.ಎ. ಮಾಡಿ, ತುರುವೇಕೆರೆಯ ಒಂದು ಕಚೇರಿಯಲ್ಲಿ ಗುಮಾಸ್ತನಾದ. ಶನಿವಾರ ಇಸ್ತ್ರಿ ಪ್ಯಾಂಟು ಹಾಕಿಕೊಂಡು ಊರಿಗೆ ಬರುತ್ತಿದ್ದ. ನಮ್ಮವ್ವನೇ ಕೆನೆ ಮೊಸರನ್ನು ಅವನ ತಟ್ಟೆಗೆ ಹಾಕಿ, ತಳದ ಹುಳಿಮೊಸರನ್ನು ನನಗೆ ಹಾಕುತ್ತಿದ್ದಳು. "ನೀನು ದಿನಾ ತಿಂತೀಯಲ್ಲಪ್ಪ" ಅನ್ನುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಬೇರೆ ಹೆಸರಿಲ್ಲ.

ಎಂಬತ್ತೆರಡರ ಕೊನೆಯಲ್ಲಿ ಶೆಟ್ಟಿಕೆರೆಯಿಂದ ಒಂದು ಸಂಬಂಧ ಬಂತು. ಬಂದದ್ದು ನನಗೆ. ಹುಡುಗಿಯ ತಂದೆ ದಿನಕ್ಕೆರಡು ಹೊತ್ತು ಲಿಂಗಪೂಜೆ ಮಾಡುವ ಶಿಸ್ತಿನ ಮನುಷ್ಯ, ಪರಸ್ಥಳಕ್ಕೆ ಹೋದರೆ ಕುಡಿಯುವ ನೀರನ್ನೂ ಮನೆಯಿಂದಲೇ ಒಯ್ಯುವವರು. ಅವರು ನನ್ನ ಅಟ್ಟ ಹತ್ತಿ ನೋಡಿದರು. ಒಂದು ಕಾಯಿ ಎತ್ತಿ ಅಲ್ಲಾಡಿಸಿ ತಲೆದೂಗಿದರು. ಆಮೇಲೆ ಕೇಳಿದರು:

"ಎಲ್ಲಿಗಂಟ ಓದಿದ್ದೀಯಪ್ಪ?"

ಹೇಳಿದೆ. ಅವರು ಆ ಕಾಯಿಯನ್ನು ಮೆಲ್ಲಗೆ ಇದ್ದಲ್ಲೇ ಇಟ್ಟರು. ತಿಂಗಳು ಕಳೆಯುವುದರೊಳಗೆ ಅದೇ ಹುಡುಗಿಯನ್ನು ದೊಡ್ಡಪ್ಪನ ಮಗನಿಗೆ ಮಾತಾಡಿದರು. ನಾನು ಆ ಹುಡುಗಿಯನ್ನು ಒಂದೇ ಸಲ, ಹೆಣ್ಣು ನೋಡಲು ಹೋದಾಗ ಕಂಡಿದ್ದೆ. ಮರೆತಿರಲಿಲ್ಲ.

ಮದುವೆಗೆ ಹದಿನೈದು ದಿನ ಇರುವಾಗ ಲಗ್ನಪತ್ರಿಕೆ ಹಂಚಲು ನಾವಿಬ್ಬರೂ ಹೊರಟೆವು. ಮೊದಲು ಚಿಕ್ಕನಾಯಕನಹಳ್ಳಿಯ ನೆಂಟರ ಮನೆ, ವಾಪಸ್ಸು ಬರುವಾಗ ಶೆಟ್ಟಿಕೆರೆ. ರವಿಕೆ ಬಟ್ಟೆ ಕೊಡುವ ನೆಪ ಮಾಡಿಕೊಂಡು ಅವನೇ ಬೀಗರ ಮನೆಗೆ ಬರುತ್ತೇನೆಂದು ಹಠ ಹಿಡಿದಿದ್ದ. ಅವನಿಗೆ ಜೋರು ನೆಗಡಿ, ಕರ್ಚೀಫು ಮೂಗಿನಿಂದ ಇಳಿಯುತ್ತಿರಲಿಲ್ಲ.

ನೆಂಟರ ಮನೆಗೆ ಬೀಗ ಹಾಕಿತ್ತು. ಅಲ್ಲೇ ಊಟವಾಗುತ್ತದೆಂದು ನಾವು ಬೆಳಗ್ಗೆ ಬರೀ ಕಾಫಿ ಕುಡಿದು ಬಂದಿದ್ದವರು. ಬಸ್‌ಸ್ಟಾಂಡಿಗೆ ಮರಳುವಾಗ ಮಧ್ಯಾಹ್ನ ಎರಡೂವರೆ. ನಮಗೆ ಗೊತ್ತಿದ್ದ ಸಸ್ಯಾಹಾರದ ಹೋಟೆಲಿನಲ್ಲಿ ಊಟ ಮುಗಿದಿತ್ತು.

"ಶೆಟ್ಟಿಕೆರೇಲೇ ಉಣ್ಣಾನ ನಡೀಲಾ" ಎಂದೆ.

"ಬೀಗ್ರ ಮನೆಗೆ ಹಸ್ಕೊಂಡು ಹೋಗಕಾಯ್ತದೇನ್ಲಾ? ಏನಂದ್ಕೊಂಡಾರು!"

ಬಸ್‌ಸ್ಟಾಂಡಿನ ನೀರಿನ ನಲ್ಲಿಯ ಪಕ್ಕದಲ್ಲಿ ಒಬ್ಬ ಹೆಂಗಸು ನಡೆಸುತ್ತಿದ್ದ ಸಣ್ಣ ಮುದ್ದೆ ಹೋಟೆಲಿತ್ತು. ಬೋರ್ಡಿಲ್ಲ. ಏನು ಸಾರು ಎಂದು ಅವನು ಬಾಗಿಲಿನಿಂದಲೇ ಕೇಳಿದ. "ಅವರೆಕಾಳು ಸಾರು ಕಣಪ್ಪ, ಬನ್ನಿ" ಎಂದಳು. ಅವನಿಗೆ ಅಷ್ಟು ಸಾಕಾಯಿತು. ಬಸ್ಸಿನ ಧೂಳು ಹೋಗಲೆಂದು ನಲ್ಲಿಗೆ ಹೋದ. ನಾನು ಒಳಗೆ ಕೂತೆ.

ಆಕೆ ನನ್ನ ಹಣೆ ನೋಡಿದಳು. ಬೆಳಗ್ಗೆ ಪೂಜೆಯಲ್ಲಿ ಧರಿಸಿದ ಮೂರು ಬೆರಳಿನ ವಿಭೂತಿ ಇನ್ನೂ ಹಾಗೇ ಇತ್ತು.

"ನಿಮ್ಗೆ ಈ ಸಣ್ಣ ಪಾತ್ರೇದು ಕಣಪ್ಪ, ಬರೀ ಕಾಳಿಂದು. ದೊಡ್ಡದ್ರಾಗೆ ಬಾಡು ಐತೆ. ಸೌಟೂ ಬ್ಯಾರೆ, ಹೆದ್ರಬ್ಯಾಡಿ."

ಮಾಂಸ ಬೇಯುವ ಜಾಗದಿಂದ ಎದ್ದು ಹೋಗೋಣವೆಂದುಕೊಂಡೆ. ಹಸಿವು ಬಿಡಲಿಲ್ಲ. ಆಕೆಯ ಮಾತಿನಲ್ಲಿ ಕಳ್ಳತನವೂ ಇರಲಿಲ್ಲ. ಕೂತಲ್ಲೇ ಕೂತೆ.

ಅಷ್ಟರಲ್ಲಿ ಅವನು ಬಂದ. ಮುಖ ತೊಳೆದು, ಜೇಬಿನ ಪುಟ್ಟ ಡಬ್ಬಿಯಿಂದ ಪೌಡರು ಹಚ್ಚಿ, ಬೈತಲೆ ತೆಗೆದಿದ್ದ. ಹಣೆಯಲ್ಲಿ ಏನೂ ಉಳಿದಿರಲಿಲ್ಲ. ಆಕೆ ಅವನ ಹಣೆ ನೋಡಿದಳು, ಪ್ಯಾಂಟು ನೋಡಿದಳು, ಯಾರೋ ಆಫೀಸರನ್ನು ನಾನು ಊರು ತೋರಿಸಲು ಕರೆತಂದಿದ್ದೇನೆ ಎಂದುಕೊಂಡಿರಬೇಕು. ದೊಡ್ಡ ಪಾತ್ರೆಗೆ ಸೌಟು ಹಾಕಿ, ತಳದಿಂದ ಎತ್ತಿ, ಧಾರಾಳವಾಗಿ ಅವನ ತಟ್ಟೆಗೆ ಬಡಿಸಿ ಒಲೆಯ ಕಡೆ ಹೋದಳು.

ನಾನು ಬಾಯಿ ತೆರೆದೆ. ಹೇಳಬೇಕೆಂದೇ ತೆರೆದದ್ದು, ದೇವರಾಣೆ. ಅದೇ ಕ್ಷಣದಲ್ಲಿ ಅವನು ಮುದ್ದೆ ಮುರಿಯುತ್ತ ನಕ್ಕ.

"ಅಲ್ಲ ಕಣ್ಲಾ, ಆ ಹುಡುಗೀನ ನಿಂಗೇ ಕೊಟ್ಟಿದ್ರೆ, ಅವ್ಳು ತೌರಿಗೆ ಹೋದಾಗ ಕಾಗ್ದ ಬರೀಬೇಕು ಅಂದ್ರೆ ಏನ್ ಮಾಡ್ತಿದ್ದೆ? ಕಾಯಿ ಅಲ್ಲಾಡ್ಸಿ ಕಳುಸ್ತಿದ್ದಾ?"

ಬಾಯಿ ಮುಚ್ಚಿಕೊಂಡೆ.

ಅವನು ಮುದ್ದೆಯನ್ನು ಸಾರಿಗೆ ಅದ್ದಿ ನುಂಗಿದ. ಸಾರಿನಲ್ಲಿ ತೇಲುತ್ತಿದ್ದ ಬಿಳಿ ಚೂರೊಂದನ್ನು ಎತ್ತಿ ಅಗಿದ.

"ಸಾರಿಗೆ ಕೊಬ್ಬರಿ ಚೂರು ಹಾಕವ್ಳೆ ಕಣ್ಲಾ! ನಮ್ಮೂರಾಗೆ ಯಾರೂ ಹಿಂಗ್ ಮಾಡಲ್ಲ. ಏನ್ ಮೆತ್ತಗೆ ಬೆಂದೈತೆ ಅಂತೀಯ!"

ಹದಿನೈದು ವರ್ಷ ಓದಿದವನು. ತೆಂಗಿನ ನಾಡಿನಲ್ಲಿ ಹುಟ್ಟಿ, ಕೊಬ್ಬರಿ ಮಾರಿದ ದುಡ್ಡಿನಲ್ಲಿ ಫೀಸು ಕಟ್ಟಿದವನು. ಎಷ್ಟು ಬೇಯಿಸಿದರೂ ಕೊಬ್ಬರಿ ಎಳೆ ಬಿಡುವುದಿಲ್ಲ, ಬೆರಳಿಗೆ ಜಿಡ್ಡಾಗಿ ಜಾರುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲ. ನೆಗಡಿಯಿಂದ ವಾಸನೆಯೂ ತಿಳಿಯಲಿಲ್ಲ. "ಅಮ್ಮಾ, ಇನ್ನೊಂದು ಸೌಟು" ಎಂದ. ಆಕೆ ಹಾಕಿದಳು. ನಾನು ನನ್ನ ಕಾಳು ಎಣಿಸುವವನ ಹಾಗೆ ತಟ್ಟೆ ನೋಡುತ್ತ ಕೂತೆ. ನನ್ನೊಳಗೆ ಒಂದು ತಣ್ಣನೆಯ ಸಂತೋಷ ಹರಿಯುತ್ತಿತ್ತು. ಇಷ್ಟು ವರ್ಷದ ಕೆನೆ ಮೊಸರಿಗೆ ಇದು ಸರಿಹೋಯಿತು ಅನ್ನಿಸಿತು. ಬಸ್ಸಿನಲ್ಲಿ ಕೂತಾಗ ಇನ್ನೊಂದು ಯೋಚನೆ ಬಂತು: ಈಗ ನಾನು ಒಂದು ಮಾತಾಡಿದರೆ ಈ ಮದುವೆ ನಿಲ್ಲುತ್ತದೆ.

ಶೆಟ್ಟಿಕೆರೆಯಲ್ಲಿ ಜಗಲಿಯ ಮೇಲೆ ಚಾಪೆ ಹಾಸಿದರು. ಹುಡುಗಿ ಬಾಗಿಲ ಬಳಿ ನೀರಿನ ಚೆಂಬು ಇಟ್ಟು, ಅವನ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು. ನಾನು ಅಲ್ಲಿದ್ದದ್ದು ಅವಳಿಗೆ ಕಂಡಿತೋ ಇಲ್ಲವೋ.

"ಯಾಕಪ್ಪ, ಹಣೆ ಬರಿದಾಗೈತೆ?" ಎಂದು ಅವಳ ತಂದೆ ಅವನನ್ನು ಕೇಳಿದರು.

"ಧೂಳಿತ್ತು, ಮುಖ ತೊಳ್ಕೊಂಡೆ ಕಣ್ರಿ."

"ಊಟ?"

"ಆಯ್ತು. ಚಿಕ್ಕನಾಯಕನಹಳ್ಳೀಲಿ, ಬಸ್‌ಸ್ಟಾಂಡಿನ ನಲ್ಲಿ ಪಕ್ಕ ಒಂದು ಹೋಟ್ಲು..."

ಅವರ ಮುಖ ಗಟ್ಟಿಯಾಯಿತು. "ಆ ಹೆಂಗ್ಸಿನ ಹೋಟ್ಲಾ? ಅಲ್ಲಿ ಬಾಡು ಬೇಯಿಸ್ತಾರಲ್ಲಪ್ಪ!"

ಅವನು ಬಿಳಿಚಿಕೊಂಡ. ಒಳಗೆ ಬಳೆಯ ಸದ್ದು ನಿಂತಿತು. ಅವನು ನನ್ನ ಮುಖ ನೋಡಿದ, ಅವರೂ ನನ್ನ ಕಡೆ ತಿರುಗಿದರು.

"ನೀನ್ ಹೇಳಪ್ಪ. ಏನ್ ಬಡಿಸುದ್ರು?"

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅದರ ಹಿಂದೆಯೇ ಅವರ ಮುಂದಿನ ಪ್ರಶ್ನೆಯೂ ನನಗೆ ಕೇಳಿಸಿತು: ನೋಡ್ಕೊಂಡು ನೀನ್ಯಾಕೆ ಸುಮ್ನಿದ್ದೆ? ಆ ಪ್ರಶ್ನೆಗೆ ಹೆದರಿದೆ. ನನ್ನ ಅಟ್ಟ ನೋಡಿ ಬೇಡ ಎಂದವರ ಮಗಳನ್ನು ಒಂದು ಸೌಟು ಸಾರಿನ ದೆಸೆಯಿಂದ ಪಡೆಯುವಷ್ಟು ಗತಿಗೆಟ್ಟವನಲ್ಲ ಎಂಬ ಜಂಬವೂ ಎದ್ದು ನಿಂತಿತು. ಎರಡೂ ನಿಜ. ಯಾವುದು ಮೊದಲು ಬಂತೆಂದು ಈಗಲೂ ಹೇಳಲಾರೆ.

"ಎರಡು ಪಾತ್ರೆ ಇಟ್ಟವ್ರೆ ಕಣ್ರಿ. ನಮ್ಗೆ ಕಾಳಿನ ಪಾತ್ರೇದು ಹಾಕುದ್ರು. ಸೌಟೂ ಬ್ಯಾರೆ. ನಾನೇ ನೋಡ್ದೆ."

ಅವರು ರವಿಕೆ ಬಟ್ಟೆಯ ಪೊಟ್ಟಣ ಕೈಗೆ ತೆಗೆದುಕೊಂಡರು. "ನೀನು ನೋಡಿದೀಯ ಅಂದ್ರೆ ಸರಿ ಬುಡು" ಎಂದರು.

ನನಗೆ ಹೆಣ್ಣು ಕೊಡದವರು ನನ್ನ ಮಾತನ್ನು ನಂಬಿದರು. ಓದು ಬಿಟ್ಟ ಮೇಲೆ ನನಗೆ ಸಿಕ್ಕ ಮೊದಲ ಸರ್ಟಿಫಿಕೇಟು ಅದು, ಸುಳ್ಳಿಗೆ ಸಿಕ್ಕಿದ್ದು. ವಾಪಸ್ಸು ಬಸ್ಸಿನಲ್ಲಿ ಅವನು ನನ್ನ ಕೈ ಹಿಡಿದುಕೊಂಡ. "ನೀನ್ ಪಾತ್ರೆ ನೋಡ್ದೆ ಇದ್ದಿದ್ರೆ ಕೆಟ್ಟೋಗ್ತಿತ್ತು ಕಣ್ಲಾ" ಎಂದ.

ಮದುವೆ ಚೆನ್ನಾಗಿಯೇ ಆಯಿತು. ಚಪ್ಪರಕ್ಕೆ ಗರಿ ಹೆಣೆದವನು ನಾನು.

ಅವನು ಆ ಸಾರನ್ನು ಮರೆಯಲಿಲ್ಲ. ಅವರೆಕಾಯಿ ಕಾಲ ಬಂದರೆ ಸಾಕು, ಹೆಂಡತಿಯ ಹತ್ತಿರ ಸಾರಿಗೆ ಕೊಬ್ಬರಿ ಚೂರು ಹಾಕಿಸುತ್ತಾನೆ. ನನ್ನನ್ನು ತುರುವೇಕೆರೆಗೆ ಕರೆಸಿಕೊಳ್ಳುತ್ತಾನೆ. ಎರಡು ತುತ್ತು ನುಂಗಿ, "ಉಹೂಂ, ಆ ರುಚಿ ಬರ್ಲಿಲ್ಲ ಕಣೇ" ಅನ್ನುತ್ತಾನೆ. ಅತ್ತಿಗೆ ಪಾಪ, ಮುಂದಿನ ಸಲ ಇನ್ನೂ ಸಣ್ಣಗೆ ಹೆಚ್ಚುತ್ತಾಳೆ, ಇನ್ನೂ ಹೆಚ್ಚು ಹೊತ್ತು ಬೇಯಿಸುತ್ತಾಳೆ. "ನಿಮ್ಮ ಅಟ್ಟದ ಕೊಬ್ಬರೀನೇ ಹಾಕಿದ್ದು, ನೀವಾದ್ರೂ ಹೇಳಿ" ಎಂದು ನನ್ನನ್ನು ಕೇಳುತ್ತಾಳೆ. ಬಹಳ ಚೆನ್ನಾಗಿದೆ ಅನ್ನುತ್ತೇನೆ. ನಿಜವಾಗಿಯೂ ಚೆನ್ನಾಗಿರುತ್ತದೆ. ಅವಳು ಇನ್ನೊಂದು ಸೌಟು ಹಾಕಲು ಬಗ್ಗಿದಾಗ ನನಗೆ ಹೊಟ್ಟೆ ಉರಿಯುತ್ತದೆ, ಮೊದಲಿನ ಹಾಗೇ. ಅವನನ್ನು ಕೆಡಿಸಲು ನಾನು ಸುಮ್ಮನಿದ್ದದ್ದೂ ಅವನ ಪಾಲಿಗೆ ಒಂದು ರುಚಿಯಾಗಿ ಉಳಿದುಬಿಟ್ಟಿತು.

ಅವನ ಮಾವ ಈಗ ಇಲ್ಲ. ಅದಕ್ಕೇ ಬರೆದೆ. ಅವನು ಓದಿದವನು, ಇದನ್ನೂ ಓದುತ್ತಾನೆ. ಓದಿದ ಮೇಲೆ ಹೆಂಡತಿಗೆ ಹೇಳುವುದೋ ಬಿಡುವುದೋ, ಆ ಮಾತು ಇನ್ನು ಅವನದು. ಇಷ್ಟು ವರ್ಷ ನನ್ನದಾಗಿತ್ತು.

ಈಗ ನನಗೆ ನಾಲ್ಕೂವರೆ ಎಕರೆ ತೋಟ ಇದೆ. ಇನ್ನೂರ ಇಪ್ಪತ್ತು ಮರ, ಎರಡು ಅಟ್ಟ, ಒಂದು ಬಾವಿ, ಒಂದು ಜೊತೆ ಎತ್ತು, ಎರಡು ಎಮ್ಮೆ. ಒಬ್ಬ ಹೆಂಡತಿ, ಅವಳ ಮೇಲೆ ನನ್ನದೇನೂ ದೂರಿಲ್ಲ. ಮೂರು ಮಕ್ಕಳು, ಮೂವರೂ ಸ್ಕೂಲಿಗೆ ಹೋಗುತ್ತಾರೆ.