ಪ್ರಶ್ನೆ ಬರುವ ಮೊದಲೇ ಉತ್ತರ

ಮಕ್ತಲ್‌ನಲ್ಲಿ ಕಂಪ್ಯೂಟರ್ ಸರ್ಟಿಫಿಕೇಟ್ ಪರೀಕ್ಷೆಗೆ ತಯಾರು ಮಾಡಿಸುವುದು ನನ್ನ ಕೆಲಸ. ಒಂದು ದಿನ ಸುಶೀಲಾಬಾಯಿ ಅಂತ, ನಲವತ್ತು ದಾಟಿದ ಹೆಣ್ಣುಮಗಳು ಬಂದರು. ಗುಮಾಸ್ತರಾಗಿದ್ದ ಗಂಡ ತೀರಿಕೊಂಡ ಮೇಲೆ ಆ ನೌಕರಿ ಇವರಿಗೆ ಸಿಕ್ಕಿತ್ತು. ಆದರೆ ಗಡುವಿನೊಳಗೆ ಸರ್ಟಿಫಿಕೇಟ್ ತೋರಿಸದಿದ್ದರೆ ಉಳಿಯುವಂತಿರಲಿಲ್ಲ.

ನಾನು ಕಂಪ್ಯೂಟರಿನಲ್ಲೇ ಎ, ಬಿ, ಸಿ, ಡಿ ಒತ್ತಿ ಉತ್ತರಿಸುವ ಒಂದು ಮಾದರಿ ಪರೀಕ್ಷೆ ಕೊಟ್ಟೆ. ದಿನಾ ಬಂದು ಅದನ್ನೇ ಬರೆದರು. ಮೂರನೇ ವಾರಕ್ಕೆ ನೂರಕ್ಕೆ ತೊಂಬತ್ತೆಂಟು ಬಂತು. ಎಲ್ಲರ ಮುಂದೆ ಅವರನ್ನು ಹೊಗಳಿದವನೂ ನಾನೇ.

ಪರೀಕ್ಷೆಗೆ ಎರಡು ದಿನ ಇರುವಾಗ ಇಂಟರ್ನೆಟ್ ನಿಧಾನವಾಗಿತ್ತು. ಪ್ರಶ್ನೆ ಪರದೆಯ ಮೇಲೆ ಬರುವ ಮೊದಲೇ ಅವರು ಉತ್ತರ ಒತ್ತಿಬಿಟ್ಟರು.

"ಪ್ರಶ್ನಿನೇ ಬಂದಿಲ್ಲಲ್ರೀ ಅಮ್ಮಾ?"

"ಒಂಬತ್ತನೇದು ಯಾವಾಗಲೂ 'ಸಿ' ಐತಲ್ರೀ ಸರ್."

ಪ್ರಶ್ನೆಗಳನ್ನು ಅದಲುಬದಲು ಮಾಡಿ ಮತ್ತೆ ಕೊಟ್ಟೆ. ಇಪ್ಪತ್ತಾರು ಬಂತು.

"ನಿನ್ನಿ ತನಕ ನನಗ ಬರ್ತಿತ್ತು. ಯಾಕ ಕೆಡಿಸಿದ್ರಿ?"

ಉಳಿದ ಎರಡು ದಿನದಲ್ಲಿ ಮೊದಲಿನಿಂದ ಕಲಿಸಲು ನೋಡಿದೆ. ಅವರಿಗೆ ಏನೂ ತಲೆಗೆ ಹತ್ತಲಿಲ್ಲ. ಗದ್ವಾಲ್‌ನ ಪರೀಕ್ಷಾ ಕೇಂದ್ರಕ್ಕೆ ನಾನೂ ಜೊತೆಗೆ ಹೋದೆ. ಅರ್ಧ ಗಂಟೆಗೇ ಹೊರಗೆ ಬಂದರು.

"ನಮ್ಮ ಪ್ರಶ್ನಿ ಒಂದೂ ಇರಲಿಲ್ರೀ" ಅಂದರು. ಮುಂದಿನ ತಿಂಗಳು ನೌಕರಿ ಹೋಯಿತು.

ಈಗ ಪ್ರತಿ ಸಲವೂ ಪ್ರಶ್ನೆಗಳನ್ನು ಬದಲಿಸುತ್ತೇನೆ. ಅದಕ್ಕೇ ಅರ್ಧ ಮಂದಿ ಬಸ್‌ಸ್ಟ್ಯಾಂಡ್ ಹತ್ತಿರದ ಇನ್ನೊಂದು ಸೆಂಟರಿಗೆ ಹೋಗಿಬಿಟ್ಟಿದ್ದಾರೆ. ಅಲ್ಲಿ ಮಾರ್ಕ್ಸ್ ಚೆನ್ನಾಗಿ ಬರುತ್ತವಂತೆ.