ಅಕ್ಕನ ಹದಿನಾರು ಹೆಜ್ಜೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಯಾರಿಗೂ ಸುಮ್ಮನೆ ತಿಂಡಿ ಸಿಗುತ್ತಿರಲಿಲ್ಲ. ಮೊದಲು ಕನ್ನಡ, ಆಮೇಲೆ ದೋಸೆ. ಅದು ಅಪ್ಪನ ಕಾನೂನು. ಹೊಸ ಶತಮಾನ ಬರಲು ಇನ್ನೊಂದೆರಡು ವರ್ಷವಿತ್ತು. ಅಪ್ಪನಿಗೆ ಕೆಲಸ ಸಿಕ್ಕಿ ನಾವು ಮೈಸೂರು ಬಿಟ್ಟು ಚೆನ್ನೈಗೆ ಬಂದು ಅಣ್ಣಾ ನಗರ್‌ನಲ್ಲಿ ಬಾಡಿಗೆಗಿದ್ದೆವು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತಮಿಳು. ಕನ್ನಡಕ್ಕೆ ಉಳಿದಿದ್ದು ನಮ್ಮ ಅಡುಗೆಮನೆ ಮಾತ್ರ.

ಅಪ್ಪ ಮುಂಜಾನೆಯೇ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ವಾರದ ತರಕಾರಿ ತರುತ್ತಿದ್ದರು. ಹಸಿ ಕೊತ್ತಂಬರಿಯ ವಾಸನೆ ಬೀರುವ ಚೀಲವನ್ನು ಮೂಲೆಗಿಟ್ಟು, ಸ್ಲೇಟಿನ ಮೇಲೆ ಒಂದು ಪದ ಬರೆಯುತ್ತಿದ್ದರು. ಅದನ್ನು ಬಳಸಿ ನಾನೂ ಅಕ್ಕನೂ ಐದೈದು ಸ್ವಂತ ವಾಕ್ಯ ಬರೆಯಬೇಕು. ವಾಕ್ಯ ನಿಜವಾಗಿರಬೇಕು, ಕೇಳಿದರೆ ಆ ವಸ್ತುವನ್ನು ತೋರಿಸಬೇಕು. ‘ರಾಜನ ಬೊಕ್ಕಸ’ ಎಂದು ಬರೆದರೆ, “ಯಾವ ರಾಜ? ಕರ್ಕೊಂಡ್ ಬಾ ನೋಡೋಣ” ಎಂದು ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಿದ್ದರು.

ಆ ಭಾನುವಾರದ ಪದ ‘ಕರಗು’.

“ಬೆಣ್ಣೆ ಕರಗೋ ಕರಗು ಬೇಡ,” ಎಂದರು ಅಪ್ಪ. “ದಿನಾ ಇಷ್ಟಿಷ್ಟೇ, ಗೊತ್ತೇ ಆಗ್ದಂಗೆ ಕಮ್ಮಿ ಆಗೋದಿರುತ್ತಲ್ಲ, ಅದು.”

ಮನೆಯೆಲ್ಲಾ ಸುತ್ತಿದೆ. ಬಚ್ಚಲಿನ ಸೋಪು ಕರಗುತ್ತಿದೆ, ತೋರಿಸಿದೆ. ದೇವರ ಮುಂದಿನ ಗಂಧದ ತುಂಡು ಕರಗುತ್ತಿದೆ, ತೋರಿಸಿದೆ. ನನ್ನ ಪೆನ್ಸಿಲ್ಲೂ ಆಯಿತು. ಡಬ್ಬಿಯ ಬೆಲ್ಲ ಕರಗುತ್ತಿದೆ ಎಂದು ಬರೆದಾಗ ಹೇಗೆ ಕರಗುತ್ತಿದೆಯೆಂದು ಅಪ್ಪ ಕೇಳಲಿಲ್ಲ, ಪುಣ್ಯ. ಐದನೆಯದು ಮಾತ್ರ ಹೊಳೆಯಲೇ ಇಲ್ಲ. ಕಾವಲಿಯ ಮೇಲೆ ಅಮ್ಮ ಹಿಟ್ಟು ಹೊಯ್ದ ಚುಂಯ್ ಸದ್ದಿಗೆ ಬಾಯಲ್ಲಿ ನೀರೂರಿತು. ಹೊಟ್ಟೆ ಹಸಿದವಳಿಗೆ ಗುಟ್ಟೇನು, ರಟ್ಟೇನು! ಬರೆದೇಬಿಟ್ಟೆ: ಅಕ್ಕನ ಓಟ ಕರಗುತ್ತಿದೆ.

ಅಕ್ಕ ಮೇಜಿನ ಕೆಳಗೆ ನನ್ನ ಕಾಲನ್ನು ಬಲವಾಗಿ ತುಳಿದಳು. ಅಪ್ಪ ಕೆಂಪು ಪೆನ್ನು ತೆಗೆದರು. “ಓಟ ಹೆಂಗೆ ಕರಗುತ್ತೆ? ಸುಳ್ಳು ವಾಕ್ಯ.”

“ಸುಳ್ಳಲ್ಲ!” ಎಂದು ಕಿರುಚಿದೆ. ಆಗಲೂ ನನಗೆ ಮೂಗಿನ ತುದಿಯಲ್ಲೇ ಕೋಪ.

“ಸರಿ, ತೋರ್ಸು.”

ವಿಷಯ ಏನೆಂದರೆ, ನಮ್ಮ ಬೀದಿಯ ಕೊನೆಯಲ್ಲಿ ಎಲ್ಲರಿಗೂ ಸೇರಿದ ಒಂದು ಖಾಲಿ ಜಾಗವಿತ್ತು. ಸಂಜೆಯಾದರೆ ಅಲ್ಲಿ ಕ್ರಿಕೆಟ್. ಹುಡುಗರ ನಡುವೆ ಅತಿ ಜೋರಾಗಿ ಬೌಲ್ ಮಾಡುತ್ತಿದ್ದವಳು ನನ್ನ ಅಕ್ಕ. ಮೂಲೆಮನೆಯ ಗೋಡೆಯ ಹತ್ತಿರ ನಿಂತು, ಹದಿನಾರು ಹೆಜ್ಜೆ ಓಡಿಬಂದು ಚೆಂಡು ಬಿಟ್ಟರೆ ಎದುರಿನವನು ಕಣ್ಣು ಮುಚ್ಚಿಕೊಳ್ಳಬೇಕು! ಅವಳ ಹೆಜ್ಜೆ ಎಣಿಸುವುದು ನನ್ನ ಹುಚ್ಚು. ಹದಿನಾರಿದ್ದದ್ದು ಹದಿನಾಲ್ಕಾಯಿತು, ಹನ್ನೆರಡಾಯಿತು, ಆ ವಾರ ಒಂಬತ್ತಕ್ಕೆ ಬಂದಿತ್ತು. ಓಟ ಕಮ್ಮಿಯಾದಂತೆ ವೇಗವೂ ಹೋಯಿತು. “ಸ್ಪೀಡೆಲ್ಲಾ ಪೋಚ್ಚು” ಎಂದು ಹುಡುಗರು ನಕ್ಕರು. ಅವತ್ತು ಸಂಜೆ ಪಕ್ಕದ ಬೀದಿಯವರ ಜೊತೆ ಮ್ಯಾಚು. ಅಕ್ಕನ ಕೈಗೆ ಚೆಂಡು ಕೊಡುವುದಿಲ್ಲ ಎಂದು ಕ್ಯಾಪ್ಟನ್ ಹೇಳಿಬಿಟ್ಟಿದ್ದ. ಹಿಂದಿನ ರಾತ್ರಿ ಅವಳು ದಿಂಬಿಗೆ ಮುಖ ಒತ್ತಿಕೊಂಡು ಅತ್ತದ್ದು ನನಗೊಬ್ಬಳಿಗೇ ಗೊತ್ತಿತ್ತು.

ದೋಸೆ ಬಿಟ್ಟು ಮೂವರೂ ಹೋದೆವು. ಅಕ್ಕ ಓಡಿ ತೋರಿಸಿದಳು, ನಾನು ಗಟ್ಟಿಯಾಗಿ ಎಣಿಸಿದೆ. ಒಂಬತ್ತೇ.

“ಇನ್ನೂ ಹಿಂದಿನಿಂದ ಓಡ್ಬಾರ್ದಾ?” ಎಂದು ಅಪ್ಪ ಕೇಳಿದರು.

“ಹಿಂದೆ ತೊಟ್ಟಿ ಇದ್ಯಲ್ಲಪ್ಪಾ. ಈ ಕಡೆ ಟ್ರಾನ್ಸ್‌ಫಾರ್ಮರ್ರು. ಪರವಾಯಿಲ್ಲ, ಅಡ್ಜಸ್ಟ್ ಪಣ್ಣಿಕೊಳ್ತೀನಿ ಬಿಡಿ,” ಎಂದಳು ಅಕ್ಕ, ನೆಲ ನೋಡುತ್ತಾ.

ಮೂಲೆಮನೆ ಮಾಮ ತಮ್ಮ ಗೋಡೆಯ ಹೊರಗೆ ಸಿಮೆಂಟಿನ ಐದು ತೊಟ್ಟಿಗಳಲ್ಲಿ ಬಣ್ಣದೆಲೆಯ ಗಿಡ ಬೆಳೆಸಿದ್ದರು. ಗೋಡೆಗೆ ಒರಗಿದ್ದ ಆ ಸಾಲು ಈಗ ಮೈದಾನದ ಒಳಗೆ ನಿಂತಿತ್ತು. ಅಪ್ಪ ಬಗ್ಗಿ ನೋಡಿದರು. ಗೋಡೆಯಿಂದ ತೊಟ್ಟಿಯವರೆಗೆ ಮಣ್ಣಿನಲ್ಲಿ ದುಂಡಗಿನ ಗುರುತುಗಳು, ಒಂದು ಸಾಲಿನ ಮುಂದೆ ಇನ್ನೊಂದು ಸಾಲು. ವಾರಕ್ಕೊಂದು ಗೇಣು, ಎರಡು ಗೇಣು. ದಿನಾ ಅದೇ ದಾರಿಯಲ್ಲಿ ಬಸ್ಸಿಗೆ ಹೋಗುತ್ತಿದ್ದ ದೊಡ್ಡವರಲ್ಲಿ ಒಬ್ಬರೂ ನೋಡಿರಲಿಲ್ಲ.

ಅಷ್ಟರಲ್ಲಿ ಮಾಮ ಹೊರಗೆ ಬಂದರು. “ಎನ್ನ ಸಾರ್? ಕಾರ್ ವಾಂಗಪೋರೇನ್, ಅದುಕ್ಕು ಕೊಂಜಂ ಇಡಂ,” ಎಂದು ನಕ್ಕರು. ಕಾರು ಕೊಳ್ಳುತ್ತಾರಂತೆ, ಅದಕ್ಕೆ ಸ್ವಲ್ಪ ಜಾಗವಂತೆ.

ಅಪ್ಪ ಯಾರ ಜೊತೆಗೂ ಜಗಳವಾಡಿದವರಲ್ಲ. “ನಾವು ಹೊರಗಿನಿಂದ ಬಂದೋರು, ತಗ್ಗಿ ಬಗ್ಗಿ ಇರ್ಬೇಕು” ಎನ್ನುವುದು ಅವರ ಮಂತ್ರ. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎಂಬ ಗಾದೆಯನ್ನು ನಮಗೆ ಕಲಿಸಿದ್ದೂ ಅವರೇ, ನೋಡಿ! ಅವರು ಒಮ್ಮೆ ಮಾಮನನ್ನು ನೋಡಿದರು, ಒಮ್ಮೆ ಅಕ್ಕನನ್ನು. ಅಕ್ಕ ಇನ್ನೂ ತಲೆ ಎತ್ತಿರಲಿಲ್ಲ.

ಅಪ್ಪ ಪಂಚೆ ಎತ್ತಿ ಕಟ್ಟಿದರು. ಕೋಪ ಬಂದರೆ ಅವರಿಗೆ ಬರುತ್ತಿದ್ದ ಅರ್ಧಂಬರ್ಧ ತಮಿಳೂ ಓಡಿಹೋಗುತ್ತಿತ್ತು. “ಇದು ಮಕ್ಕಳು ಆಡೋ ಜಾಗ ಸಾರ್. ನಿಮ್ದೂ ಅಲ್ಲ, ನಮ್ದೂ ಅಲ್ಲ. ಒಂದು ಗೇಣೂ ಬಿಡೋದಿಲ್ಲ!” ಎಂದು ಅಚ್ಚ ಮೈಸೂರು ಕನ್ನಡದಲ್ಲಿ ಗುಡುಗಿದರು. ಮೊದಲನೆಯ ತೊಟ್ಟಿಯನ್ನು ಅಂಚಿನ ಮೇಲೆ ವಾಲಿಸಿ ಗೋಡೆಯ ಕಡೆಗೆ ಉರುಳಿಸಿಯೇಬಿಟ್ಟರು. ಮಾಮನಿಗೆ ಒಂದು ಪದವೂ ಅರ್ಥವಾಗಿರಲಾರದು. ಆದರೆ ವಿಷಯವೆಲ್ಲಾ ಅರ್ಥವಾಯಿತು. ಎರಡನೆಯ ತೊಟ್ಟಿಗೆ ಅಕ್ಕ ಕೈಹಾಕಿದಳು, ನಾನೂ ಭುಜ ಕೊಟ್ಟೆ. ಸದ್ದು ಕೇಳಿ ಮನೆಮನೆಯಿಂದ ಜನ ಬಂದರು. ಮಾಮ ಗೊಣಗುತ್ತಾ ನಿಂತರೇ ಹೊರತು ಅಡ್ಡ ಬರಲಿಲ್ಲ.

ಸಂಜೆ ಅಕ್ಕ ಕ್ಯಾಪ್ಟನ್ ಕೈಯಿಂದ ಚೆಂಡನ್ನು ಕಸಿದುಕೊಂಡಳು. ಹದಿನಾರು ಹೆಜ್ಜೆ. ವಿಕೆಟ್ಟಿಗೆಂದು ಪೇರಿಸಿದ್ದ ಇಟ್ಟಿಗೆಗಳು ದಡದಡನೆ ಉರುಳಿದವು. ಅಪ್ಪ ನನ್ನ ಪುಸ್ತಕದಲ್ಲಿ ಐದನೆಯ ವಾಕ್ಯಕ್ಕೆ ಸರಿ ಗುರುತು ಹಾಕಿದರು. ಒಂದು ತಿಂಗಳ ಮೇಲೆ ತೊಟ್ಟಿಗಳು ಮತ್ತೆ ಒಂದು ಗೇಣು ಮುಂದೆ ಬಂದವು. ನಾವು ಮತ್ತೆ ಉರುಳಿಸಿದೆವು. ಆಮೇಲೂ ಎಷ್ಟೋ ಸಲ.

ಅದೆಲ್ಲಾ ಆಗಿ ಐವತ್ತು ವರ್ಷವಾಯಿತು. ಈಗ ನಿಮ್ಮದು, ಮಕ್ಕಳೇ, ಹದಿನೆಂಟು ಮಹಡಿಯ ಕಟ್ಟಡದಲ್ಲಿ ಮನೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ನೀವು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತೀರಿ, ಅದು ಹೋಗಲಿ. ನಮಗೆ ಮೊಣಕಾಲು ತರಚುವ ಮಣ್ಣಿತ್ತು, ನಿಮಗೆ ಗಂಟೆಯ ಲೆಕ್ಕದಲ್ಲಿ ಬುಕ್ ಮಾಡುವ ಹಸಿರು ಹಾಸಿನ ಮೈದಾನವಿದೆ. ಕೆಳಗಿನ ಅಂಗಳದಲ್ಲಿ ‘ಇಲ್ಲಿ ಆಡಬಾರದು’ ಎಂಬ ಬೋರ್ಡು ಹೋದ ವರ್ಷ ಹೂವಿನ ಪಾತಿಯ ಹತ್ತಿರವಿತ್ತು. ಆಮೇಲೆ ಕಾರಂಜಿಯ ಹತ್ತಿರ ಬಂತು. ಈಗ ಗೇಟಿನ ಹತ್ತಿರವೇ ನಿಂತಿದೆ. ಕೇಳಿದರೆ “ಇಟ್ಸ್ ಓಕೆ ಅಜ್ಜಿ” ಎನ್ನುತ್ತೀರಿ. ಏನು ಮಣ್ಣು ಓಕೆ! ಏಳಿ, ಚಪ್ಪಲಿ ಹಾಕಿಕೊಳ್ಳಿ. ನೀವು ಅಂಗಳದ ಆ ಕೊನೆಯ ಗೋಡೆಯಿಂದ ಓಡಿ, ಹೆಜ್ಜೆ ನಾನು ಎಣಿಸುತ್ತೇನೆ.